ಐದು ಪರ್ಸೆಂಟಿನ ಸೀತನಿ

ಕಲಬುರಗಿಯ ಶಹಾಬಜಾರದ ನಮ್ಮ ಮನೆಯಲ್ಲಿ ಐದು ಕೋಲಿಗಳಿದ್ದವು, ಒಲೆ ಮಾತ್ರ ಒಂದೇ. ಗಲ್ಲಿಯಿಂದ ತಲೆ ತಗ್ಗಿಸಿ ಬಾಗಿಲು ದಾಟಿದರೆ ಫರಸಿ ಕಲ್ಲು ಹಾಸಿದ ಅಂಗಳ. ಅಂಗಳದ ಬಲಕ್ಕೆ ನಾವು, ಎಡಕ್ಕೆ ಬಾಡಿಗೆಯ ಎರಡು ಸಣ್ಣ ಮನೆಗಳು. ಒಂದರಲ್ಲಿ ದರ್ಜಿ ರಹೀಂ ಚಾಚಾ, ಅವರ ಹೆಂಡತಿ, ನಾಲ್ಕು ಮಕ್ಕಳು. ಇನ್ನೊಂದರಲ್ಲಿ ನನಗೆ ಶಾಲೆಯಲ್ಲಿ ಗಣಿತ ಕಲಿಸುತ್ತಿದ್ದ ಲಲಿತಾ ಟೀಚರ್ ಒಬ್ಬರೇ. ನಮ್ಮ ಕಡೆ ಆಯಿ, ಅಂದರೆ ಅಪ್ಪನ ತಾಯಿ. ಅಪ್ಪ, ಅವ್ವ, ನಾನು. ಅಪ್ಪನ ತಮ್ಮ ನಾಗಣ್ಣ ಕಾಕಾ, ಅವನ ಹೆಂಡತಿ ಕಾಕು. ನಾಲ್ಕು ಕೋಲಿಗಳಲ್ಲಿ ನಾವಿಷ್ಟು ಜನ ಮಲಗುತ್ತಿದ್ದೆವು. ಐದನೆಯದರಲ್ಲಿ ಜೋಳದ ಚೀಲಗಳಿದ್ದವು. ಅದರ ಗೋಡೆಗೆ ಒಂದು ಕನ್ನಡಿ ತೂಗುತ್ತಿತ್ತು. ಕನ್ನಡಿಯ ಅಂಚಿನಲ್ಲಿ ಯಾರೋ ತೆಗೆದು ಅಂಟಿಸಿದ ಏಳೆಂಟು ಹಣೆಯ ಟಿಕಳಿಗಳು ಬಣ್ಣ ಕಳೆದುಕೊಂಡು ಕೂತಿದ್ದವು. ಅವು ಯಾರವೆಂದು ಆರೇಳು ವರ್ಷದವಳಿದ್ದಾಗ ಒಮ್ಮೆ ಕೇಳಿದ್ದೆ. ಅವ್ವ ಹಿಟ್ಟಿನ ಕೈಯಿಂದಲೇ ನನ್ನ ಬಾಯಿ ಮುಚ್ಚಿದ್ದಳು. ಜೋಳದ ಹಿಟ್ಟಿನ ಆ ಹಸಿ ರುಚಿ ನನಗೆ ಈಗಲೂ ಅಂಜಿಕೆಯ ರುಚಿಯೇ.

ಪ್ರತಿ ತಿಂಗಳ ಮೊದಲ ದಿನ ನಮ್ಮಲ್ಲಿ ಒಂದು ಪೂಜೆಯಂಥದ್ದು ನಡೆಯುತ್ತಿತ್ತು. ಸರಕಾರಿ ಕಚೇರಿಯಲ್ಲಿ ಗುಮಾಸ್ತನಾಗಿದ್ದ ಅಪ್ಪ ಸಂಜೆ ಕೈಕಾಲು ತೊಳೆದು, ಪಗಾರದ ಲಕೋಟೆಯನ್ನು ದೇವರ ಮುಂದಿಟ್ಟು ಕೈಮುಗಿಯುತ್ತಿದ್ದ. ಸೂಪರ್ ಮಾರ್ಕೆಟ್ಟಿನ ಬಟ್ಟೆ ಅಂಗಡಿಯಲ್ಲಿ ಕೆಲಸ ಮಾಡುತ್ತಿದ್ದ ಕಾಕಾ ತನ್ನದನ್ನೂ ಪಕ್ಕದಲ್ಲಿಡುತ್ತಿದ್ದ. ಆಯಿ ಎರಡನ್ನೂ ಕಣ್ಣಿಗೊತ್ತಿಕೊಂಡು, ಎಣಿಸಿ, ಸೆರಗಿನೊಳಗೆ ಸೇರಿಸಿಕೊಳ್ಳುತ್ತಿದ್ದಳು. ಅಪ್ಪನದು ಎರಡು ಸಾವಿರ, ಕಾಕಾನದು ಒಂದೂವರೆ ಸಾವಿರ. ಆ ಮೇಲೆ ಮನೆಯಲ್ಲಿ ಯಾರಿಗೆ ಏನು ಬೇಕಾದರೂ, ನನ್ನ ಪೆನ್ಸಿಲಿನಿಂದ ಹಿಡಿದು ಅವ್ವನ ಬಳೆಯವರೆಗೆ, ಆಯಿಯ ಮುಂದೆ ನಿಂತು ಕೇಳಬೇಕಿತ್ತು. ಆಕೆ ಗಟ್ಟಿಯಾಗಿ ಮಾತಾಡಿದ್ದನ್ನು ನಾನು ಕೇಳಿಲ್ಲ. ಬತ್ತಿ ಹೊಸೆಯುತ್ತ, ಕಣ್ಣೆತ್ತದೆ, ಆಗಲಿ ಅಥವಾ ಬ್ಯಾಡ ಅನ್ನುತ್ತಿದ್ದಳು. ಬ್ಯಾಡ ಅಂದದ್ದು ಮತ್ತೆ ಆ ಮನೆಯಲ್ಲಿ ಏಳುತ್ತಿರಲಿಲ್ಲ.

ಕಾಕಾ ನನ್ನನ್ನು ಬಹಳ ಪ್ರೀತಿಸುತ್ತಿದ್ದ. ಅಂಗಡಿಯಿಂದ ಬರುವಾಗ ಜಿಲೇಬಿ ತರುತ್ತಿದ್ದ, ಸೈಕಲ್ಲಿನ ಮುಂದೆ ಕೂರಿಸಿಕೊಂಡು ಊರು ಸುತ್ತಿಸುತ್ತಿದ್ದ, ಕೋಷ್ಟಕ ಒಪ್ಪಿಸಿದರೆ ಹತ್ತು ಪೈಸೆ ಕೊಡುತ್ತಿದ್ದ. ಅವನ ಸಿಟ್ಟನ್ನೂ ನಾನು ಬಲ್ಲೆ. ಸಾರಿನಲ್ಲಿ ಉಪ್ಪು ಹೆಚ್ಚಾಯಿತೆಂದು ಅವನು ಎಸೆದ ತಾಟು ಗೋಡೆಗೆ ಬಡಿದು ಮಾಡಿದ ತಗ್ಗು ನಾವು ಆ ಮನೆ ಬಿಡುವವರೆಗೂ ಹಾಗೇ ಇತ್ತು. ಕಾಕು ಆ ತಗ್ಗಿನ ಕೆಳಗೇ ಕೂತು ಊಟ ಮಾಡುತ್ತಿದ್ದಳು.

ನನಗೆ ಹನ್ನೆರಡು ವರ್ಷ. ಆ ಚಳಿಗಾಲದಲ್ಲಿ ಸೀತನಿಗೆ ಹೋಗುವ ಮಾತು ಎದ್ದಿತು. ಹಾಲು ತುಂಬಿದ ಎಳೆಯ ಜೋಳದ ತೆನೆಯನ್ನು ಹೊಲದಲ್ಲೇ ಕೆಂಡದಲ್ಲಿ ಸುಟ್ಟು, ಅಂಗೈಯಲ್ಲಿ ತಿಕ್ಕಿ, ಶೇಂಗಾ ಚಟ್ನಿ, ಬೆಲ್ಲ, ಮೊಸರಿನ ಜೊತೆ ತಿನ್ನುವ ಪಾರ್ಟಿ ಅದು. ಮಹಾಗಾಂವದಲ್ಲಿ ಕಾಕಾನ ಗೆಳೆಯನೊಬ್ಬನ ಹೊಲವಿತ್ತು. ಅಂಗಳದವರೆಲ್ಲ ಒಂದೇ ಟೆಂಪೋ ಮಾಡಿಕೊಂಡು ರವಿವಾರ ಹೋಗುವುದು ಎಂದಾಯಿತು. ಅಲ್ಲಿಂದ ಕಮಲಾಪುರ ಹತ್ತಿರ, ಅಲ್ಲಿಯ ಕೆಂಪು ಬಾಳೆಹಣ್ಣೂ ತರೋಣ ಎಂದು ಕಾಕು ಆಸೆಪಟ್ಟಳು.

“ಕಮಲಾಪುರ ತನಕ ಯಾಕ ಸುಮ್ಮ? ಅವು ಸೂಪರ್ ಮಾರ್ಕೆಟ್‌ದಾಗೂ ಸಿಗ್ತಾವ,” ಅಂದ ಅಪ್ಪ. ಅವನ ದನಿ ಹಗ್ಗ ಎಳೆದ ಹಾಗಿತ್ತು. ಆಯಿ ಬತ್ತಿ ಹೊಸೆಯುತ್ತ “ಆಗಲಿ, ತರ್ರಿ” ಅಂದಳು. ಅಲ್ಲಿಗೆ ಬಾಳೆಹಣ್ಣೂ ಲೆಕ್ಕಕ್ಕೆ ಬಂತು.

ಖರ್ಚು ಹಂಚುವಾಗ ಜಗಳ ಶುರುವಾಯಿತು. ಮನೆಗೆ ಇಷ್ಟು ಎಂದು ಸಮನಾಗಿ ಹಾಕಿದರೆ ಒಬ್ಬರೇ ಇರುವ ಟೀಚರಿಗೆ ಅನ್ಯಾಯ. ತಲೆಗೆ ಇಷ್ಟು ಎಂದರೆ ಆರು ಜನರ ಚಾಚಾನ ಮನೆಗೆ ಭಾರ. ಚಾಚಾ ನಾವು ಬರುವುದೇ ಇಲ್ಲ ಬಿಡಿ ಎಂದು ನಕ್ಕರು. ಅವರ ಮಗಳು ಶಬಾನಾ ನನ್ನ ಗೆಳತಿ. ಆಕೆ ಹೊಸ್ತಿಲ ಹಿಂದೆ ನಿಂತು ಉಗುರು ಕಚ್ಚುತ್ತಿದ್ದಳು. ಆಗ ಲಲಿತಾ ಟೀಚರ್ ಹೇಳಿದರು:

“ತಲಿ ಎಣಿಸೋದು ಬ್ಯಾಡ್ರಿ. ಗಳಿಸೋರು ನಾಲ್ಕು ಮಂದಿ ಇದ್ದೇವಿ. ಅವರವರ ಗಳಿಕಿ ಮ್ಯಾಲ ಪರ್ಸೆಂಟ್ ಹಾಕೋಣು. ಲೆಕ್ಕ ಗಿರಿಜಾ ಮಾಡ್ತಾಳ. ಮೊನ್ನೆ ಇದೇ ಪಾಠ ಆಗ್ಯಾದ.”

ನನಗೆ ಭೂಮಿ ಮೇಲೆ ಕಾಲು ನಿಲ್ಲಲಿಲ್ಲ. ನೋಟ್‌ಬುಕ್ಕು ಹಿಡಿದು ಮೊದಲು ಖರ್ಚು ಬರೆದುಕೊಂಡೆ. ಟೆಂಪೋ ನೂರೈವತ್ತು, ಹೊಲದವನಿಗೆ ತೆನೆಯ ದುಡ್ಡು ಅರವತ್ತು, ಕಿರಾಣಿ ಎಪ್ಪತ್ತೈದು, ಬಾಳೆಹಣ್ಣು ನಲವತ್ತು. ಒಟ್ಟು ಮುನ್ನೂರ ಇಪ್ಪತ್ತೈದು. ಯಾವುದಕ್ಕೆ ಎಷ್ಟು ಪರ್ಸೆಂಟ್ ಎಂದು ತೆಗೆದರೆ ನಲವತ್ತಾರು, ಹದಿನೆಂಟು, ಇಪ್ಪತ್ಮೂರು, ಹನ್ನೆರಡು ಬಂತು. ಕೂಡಿಸಿದರೆ ತೊಂಬತ್ತೊಂಬತ್ತು. ಒಂದು ಪರ್ಸೆಂಟ್ ಎಲ್ಲಿ ಹೋಯಿತೆಂದು ಅಳು ಬರುವ ಹಾಗಾಯಿತು. ದಶಾಂಶದ ಪುಡಿಗಳನ್ನೆಲ್ಲ ಬಿಟ್ಟದ್ದರಿಂದ ಹಾಗಾಗಿದೆ ಎಂದು ಟೀಚರ್ ತೋರಿಸಿಕೊಟ್ಟರು. “ಕೂಡಿಸಿದ ಮ್ಯಾಲ ತಾಳೆ ನೋಡಬೇಕು. ತಾಳೆ ನೋಡಲಾರದ ಲೆಕ್ಕ ಲೆಕ್ಕ ಅಲ್ಲ,” ಅಂದರು.

ಆ ಮೇಲೆ ಒಬ್ಬೊಬ್ಬರ ಹತ್ತಿರ ಹೋಗಿ ಗಳಿಕೆ ಕೇಳಿದೆ. ಅವ್ವನಿಗೆ ಅದು ಇಷ್ಟವಾಗಲಿಲ್ಲ. “ಮಂದಿ ಪಗಾರ ಕೇಳಬಾರದು ಗಿರಿಜಾ,” ಅಂದಳು, ಒಮ್ಮೆ ಅಲ್ಲ ಎರಡು ಸಲ. ಆದರೆ ಎಲ್ಲರೂ ನಗುನಗುತ್ತ ಹೇಳಿದರು. ಟೀಚರ್ ಸಾವಿರದ ಎಂಟುನೂರು, ಚಾಚಾ ಅಂದಾಜು ಸಾವಿರದ ಇನ್ನೂರು, ಕಾಕಾ ಒಂದೂವರೆ ಸಾವಿರ, ಅಪ್ಪ ಎರಡು ಸಾವಿರ. ಒಟ್ಟು ಆರೂವರೆ ಸಾವಿರ. ಮುನ್ನೂರ ಇಪ್ಪತ್ತೈದು ಅದರ ಸರಿಯಾಗಿ ಐದು ಪರ್ಸೆಂಟ್! ಅಷ್ಟು ನೀಟಾಗಿ ಬಂದ ಉತ್ತರವನ್ನು ನಾನು ಅದಕ್ಕೂ ಮೊದಲು ಪುಸ್ತಕದಲ್ಲಿ ಮಾತ್ರ ಕಂಡಿದ್ದೆ. ಅಪ್ಪ ನೂರು ಕೊಡಬೇಕು, ಟೀಚರ್ ತೊಂಬತ್ತು, ಕಾಕಾ ಎಪ್ಪತ್ತೈದು, ಚಾಚಾ ಅರವತ್ತು. ಆ ಅರವತ್ತಕ್ಕೂ ಚಾಚಾನ ಮುಖ ಸ್ವಲ್ಪ ಸಣ್ಣದಾದದ್ದನ್ನು ನಾನು ನೋಡಿದೆ.

ಬುಧವಾರ ಅವ್ವ ಬಟ್ಟೆ ನೆನೆಹಾಕುವ ಮೊದಲು ಕಿಸೆಗಳನ್ನು ನೋಡಲು ನನಗೆ ಹೇಳಿದಳು. ಅಪ್ಪನ ಅಂಗಿಯ ಕಿಸೆಯಲ್ಲಿ ಪಗಾರದ ಚೀಟಿ ಸಿಕ್ಕಿತು. ಕೊನೆಯ ಸಾಲಿನಲ್ಲಿ ಕೈಗೆ ಬಂದ ಮೊತ್ತ ಎರಡು ಸಾವಿರದ ಐದುನೂರು ಎಂದಿತ್ತು. ಅಪ್ಪ ಮರೆತು ಕಡಿಮೆ ಹೇಳಿದ್ದಾನೆ ಅಂದುಕೊಂಡೆ. ತಾಳೆ ನೋಡಬೇಕಲ್ಲ, ಅಪ್ಪನ ಟ್ರಂಕಿನಲ್ಲಿ ಕಾಗದಗಳ ಕಟ್ಟು ಇರುವುದು ಗೊತ್ತಿತ್ತು. ತೆಗೆದು ನೋಡಿದೆ. ಹಿಂದಿನ ತಿಂಗಳ ಚೀಟಿಯಲ್ಲೂ ಅಷ್ಟೇ, ಅದರ ಹಿಂದಿನದರಲ್ಲೂ ಅಷ್ಟೇ. ಖುಷಿಯಾಗಿ ಲೆಕ್ಕ ಮತ್ತೆ ಹಾಕಿದೆ. ಒಟ್ಟು ಗಳಿಕೆ ಏಳು ಸಾವಿರವಾದರೆ ಐದು ಪರ್ಸೆಂಟ್ ಬೇಕಿಲ್ಲ, ನಾಲ್ಕು ಪಾಯಿಂಟ್ ಆರು ನಾಲ್ಕು ಸಾಕು. ಚಾಚಾನ ಪಾಲು ಐವತ್ತಾರಕ್ಕಿಂತ ಕೆಳಗೆ ಬರುತ್ತಿತ್ತು. ನಾನು ಶಬಾನಾಳಿಗೆ ನಾಲ್ಕು ರೂಪಾಯಿ ಉಳಿಸಿದ್ದೆ.

ಆ ಸಂಜೆ ಅಂಗಳದಲ್ಲಿ ಎಲ್ಲರೂ ಕೂತಿದ್ದರು. ಅವ್ವ ಒಳಗೆ ರೊಟ್ಟಿ ಬಡಿಯುತ್ತಿದ್ದಳು. ನಾನು ನಿಂತುಕೊಂಡು, ಶಾಲೆಯಲ್ಲಿ ಓದುವ ಹಾಗೆ, ಹೊಸ ಲೆಕ್ಕವನ್ನು ಗಟ್ಟಿಯಾಗಿ ಓದಿದೆ. ಅಪ್ಪನ ಮೊತ್ತಕ್ಕೆ ಬಂದಾಗ ರೊಟ್ಟಿ ಬಡಿಯುವ ಸಪ್ಪಳ ನಿಂತಿತು.

“ಎಷ್ಟು ಅಂದಿ?” ಅಂದಳು ಆಯಿ.

“ಎರಡು ಸಾವಿರದ ಐದುನೂರು.”

ಅಪ್ಪ ಎದ್ದು ಬಂದು ನನ್ನ ಕೈಯಿಂದ ಪುಸ್ತಕ ತೆಗೆದುಕೊಂಡ. “ಹಿಂದಿನ ಬಾಕಿ ಕೂಡಿ ಬಂದದ ಯವ್ವಾ. ಈ ತಿಂಗಳದ್ದಷ್ಟೇ,” ಅಂದ. ಅಷ್ಟಕ್ಕೇ ಮುಗಿಯುತ್ತಿತ್ತು. ಆಯಿಯ ಕೈ ಮತ್ತೆ ಬತ್ತಿಗೆ ಹೋಗಿತ್ತು. ನಾನು ಹೇಳಿದೆ: “ಇಲ್ಲಪ್ಪ, ಹಿಂದಿನ ತಿಂಗಳ ಚೀಟಿದಾಗೂ ಅಷ್ಟೇ ಅದ. ನಾ ತಾಳೆ ನೋಡೀನಿ.”

ಟೀಚರ್ ಎದ್ದು ತಮ್ಮ ಮನೆಗೆ ಹೋಗಿ ಬಾಗಿಲು ಹಾಕಿಕೊಂಡರು. ಆಯಿ ಅಪ್ಪನನ್ನು ಏನೂ ಕೇಳಲಿಲ್ಲ. ಅದೇ ನನಗೆ ಹೆಚ್ಚು ಭಯವಾದದ್ದು. ಆ ರಾತ್ರಿ ಊಟಕ್ಕೆ ಆಯಿ ತನ್ನ ತಾಟನ್ನು ಅಪ್ಪನ ಪಕ್ಕದಿಂದ ಎತ್ತಿಕೊಂಡು ಹೋಗಿ ಕಾಕಾನ ಪಕ್ಕ ಇಟ್ಟಳು.

ಮರುದಿನ ಕಾಕಾ ನನ್ನನ್ನು ಸೈಕಲ್ ಮೇಲೆ ಕೂರಿಸಿಕೊಂಡು ಹೋಗಿ ಬಿಸಿ ಜಿಲೇಬಿ ಕೊಡಿಸಿದ. ಅಂಗಡಿಯ ಬೆಂಚಿನ ಮೇಲೆ ಕಾಲು ಅಲ್ಲಾಡಿಸುತ್ತ ಕೂತು, ಶಾಲೆ, ಪರೀಕ್ಷೆ, ಶಬಾನಾ ಎಂದು ಏನೇನೋ ಮಾತಾಡಿದ. ಆಮೇಲೆ ಕೇಳಿದ:

“ನಿಮ್ಮಪ್ಪ ಪಗಾರದ ಮರುದಿನ ನಿನ್ನ ಎಲ್ಲಿಗರೆ ಕರ್ಕೊಂಡು ಹೋಗ್ತಾನೇನು?”

“ಪೋಸ್ಟ್ ಆಫೀಸಿಗೆ. ಪೆಪ್ಪರಮೆಂಟ್ ಕೊಡಸ್ತಾನ.”

“ಅಲ್ಲಿ ಏನ್ ಮಾಡ್ತಾನ?”

“ಮನಿ ಆರ್ಡರ್ ಬರಿತಾನ. ಫಾರಂ ನಾನೇ ತಂದು ಕೊಡ್ತೀನಿ.”

“ಯಾರ ಹೆಸರಿಗಿ ಬರಿತಾನ, ಎಂದಾದ್ರೂ ಓದಿದ್ಯಾ?”

ಓದಿದ್ದೆ. ಕಣ್ಣಿಗೆ ಬಿದ್ದದ್ದನ್ನೆಲ್ಲ ಓದುವ ವಯಸ್ಸು. “ಮಿಲಿಂದ ಅಂತ. ಮೋಟಾರ್ ರಿಪೇರಿ, ಕಮಲಾಪುರ,” ಅಂದೆ.

ಕಾಕಾನ ಕಾಲು ಅಲ್ಲಾಡುವುದು ನಿಂತಿತು. ಆಮೇಲೆ ನನ್ನ ತಲೆ ಸವರಿ, “ಶ್ಯಾಣ್ಯಾಕಿ ಇದ್ದಿ ನೀ,” ಅಂದ. ಅವನ ಕೈ ತಣ್ಣಗಿತ್ತು. ಇನ್ನೊಂದು ಸುತ್ತು ಜಿಲೇಬಿ ತರಿಸಿದ. ನನಗೆ ಹಸಿವಿರಲಿಲ್ಲ, ಆದರೂ ತಿಂದೆ.

ಮನೆಗೆ ಬಂದ ಮೇಲೆ ಕಾಕಾ ಸೀತನಿಯ ಉತ್ಸಾಹದಲ್ಲಿ ಎಲ್ಲರನ್ನೂ ಮೀರಿಸಿದ. ಅಂಗಡಿಯ ಇಬ್ಬರು ಗೆಳೆಯರೂ ಮೋಟಾರ್ ಸೈಕಲ್ ಮೇಲೆ ಬರುತ್ತಾರೆ, ಅವರ ಹಿಸ್ಸಾ ನಾನೇ ಕೊಡುತ್ತೇನೆ, ಬರೆದುಕೋ ಅಂದ. ಶುಕ್ರವಾರ ಬೆಳಿಗ್ಗೆ ಎರಡು ಗಟ್ಟಿ ಬಿದಿರಿನ ಬಡಿಗೆ ತಂದು ಅಂಗಳದ ಮೂಲೆಯಲ್ಲಿ ಒರಗಿಸಿದ. “ಹೊಲದಾಗ ಹಾವು ಇರ್ತಾವ,” ಅಂದ. ನಾನು ಅವನ್ನು ಇತರೆ ಖರ್ಚು ಎಂದು ಬರೆದುಕೊಂಡೆ. ಆಯಿ ಬಡಿಗೆಗಳನ್ನು ನೋಡಿದಳು, ಏನೂ ಅನ್ನಲಿಲ್ಲ. ಅಪ್ಪ ಆ ಎರಡು ದಿನ ಕಚೇರಿಯಿಂದ ತಡವಾಗಿ ಬಂದು ಗೋಡೆಗೆ ಮುಖ ಮಾಡಿ ಮಲಗುತ್ತಿದ್ದ. ಅಂಗಳದ ಮೂಲೆಯನ್ನು ಅವನು ನೋಡಲೇ ಇಲ್ಲ.

ಶುಕ್ರವಾರವೇ ಮಧ್ಯಾಹ್ನ ಅವ್ವನನ್ನು ಕೇಳಿದೆ, “ಮಿಲಿಂದ ಅಂದ್ರ ಯಾರವ್ವ?” ಅವ್ವನ ಕೈಯಲ್ಲಿದ್ದ ರೊಟ್ಟಿ ಹಂಚಿನ ಮೇಲೆ ಮಡಚಿಕೊಂಡು ಬಿತ್ತು. ಆಕೆ ನನ್ನ ರಟ್ಟೆ ಹಿಡಿದು ಜೋಳದ ಕೋಲಿಗೆ ಎಳೆದುಕೊಂಡು ಹೋದಳು. ರೊಟ್ಟಿ ಸುಟ್ಟ ವಾಸನೆ ಅಲ್ಲಿವರೆಗೂ ಬಂತು.

“ಆ ಹೆಸರು ನಿನಗ ಯಾರು ಹೇಳಿದ್ರು? ನೀ ಯಾರ ಮುಂದ ಅಂದಿ?”

“ಕಾಕಾ ಕೇಳಿದ. ಮನಿ ಆರ್ಡರ್ ಮ್ಯಾಲ ಇತ್ತು ಅಂತ ಹೇಳಿದೆ.”

ಅವ್ವ ಜೋಳದ ಚೀಲದ ಮೇಲೆ ಕೂತಳು. ಆಗ ಮೊದಲ ಸಲ ಕನ್ನಡಿಯ ಆ ಟಿಕಳಿಗಳು ಯಾರವೆಂದು ನನಗೆ ಗೊತ್ತಾಯಿತು. ನನಗೆ ಸುನಂದಾ ಎಂಬ ಸೋದರತ್ತಿ ಇದ್ದಳು, ಅಪ್ಪನಿಗೂ ಕಾಕಾನಿಗೂ ಒಬ್ಬಳೇ ತಂಗಿ. ನಾನು ಮೂರು ವರ್ಷದವಳಿದ್ದಾಗ ಆಕೆ ಜಾತಿ ಮೀರಿ, ಬೌದ್ಧರ ಮನೆಯ ಮಿಲಿಂದನನ್ನು ಮದುವೆಯಾಗಿ ಹೋದಳು. ಆಯಿ ಅವತ್ತೇ ತಲೆ ಮೇಲೆ ನೀರು ಸುರಿದುಕೊಂಡು, ನನ್ನ ಮಗಳು ಸತ್ತಳು ಅಂದಳು. ಕಾಕಾ ಕೊಡಲಿ ಹಿಡಿದು ಎರಡು ತಿಂಗಳು ಹುಡುಕಿದ. ಅವರು ಸೊಲ್ಲಾಪುರದಲ್ಲಿ ಅಡಗಿ ಬದುಕಿದರು. ಕೂಸು ಹುಟ್ಟಿತು, ಕೆಲಸ ಇರಲಿಲ್ಲ. ಹೇಗೋ ಅಪ್ಪನಿಗೆ ಸುದ್ದಿ ಮುಟ್ಟಿತು. ಅಂದಿನಿಂದ ಅಪ್ಪ ಪಗಾರದಲ್ಲಿ ಒಂದಿಷ್ಟನ್ನು ತೆಗೆದಿಟ್ಟು ಕಳಿಸುತ್ತಿದ್ದ. ಪಗಾರ ಏರಿದ ಹಾಗೆ ಅದನ್ನೂ ಏರಿಸಿದ್ದ. ಮೂರು ವರ್ಷದ ಹಿಂದೆ ಅವರು ಕಮಲಾಪುರಕ್ಕೆ ಬಂದು, ರೈತರ ಪಂಪಿನ ಮೋಟಾರಿಗೆ ತಂತಿ ಸುತ್ತುವ ವೈಂಡಿಂಗ್ ಅಂಗಡಿ ಇಟ್ಟಿದ್ದರು. ಅದು ಅಪ್ಪ, ಅವ್ವ ಇಬ್ಬರಿಗೇ ಗೊತ್ತಿತ್ತು. ಐದುನೂರು ಅಂದರೆ ಎರಡೂವರೆ ಸಾವಿರದಲ್ಲಿ ಇಪ್ಪತ್ತು ಪರ್ಸೆಂಟ್. ಅವ್ವ ಹೇಳುತ್ತಿದ್ದಾಗಲೇ ನನ್ನ ತಲೆ ಅದನ್ನು ಲೆಕ್ಕ ಹಾಕಿತು, ಬೇಡವೆಂದರೂ.

“ಅಪ್ಪಗ ಹೇಳೋಣು,” ಅಂದೆ.

“ಹೇಳಿದ್ರ ಅಣ್ಣತಮ್ಮರು ಇಲ್ಲೇ ಹೊಡೆದಾಡ್ತಾರ. ನಿಮ್ಮ ಕಾಕಾ ಇವತ್ತೇ ಎದ್ದು ಹೋಗ್ತಾನ. ಸುಮ್ಮನಿದ್ರ ರವಿವಾರದ ತನಕ ತಡೀತಾನ, ಅಷ್ಟು ಸಾಕು,” ಅಂದಳು ಅವ್ವ. ಎದ್ದು ಮುಖ ಒರೆಸಿಕೊಂಡು, ಟ್ರಂಕಿನಿಂದ ಒಂದು ಕುಪ್ಪಸದ ಬಟ್ಟೆ ತೆಗೆದುಕೊಂಡು ರಹೀಂ ಚಾಚಾನ ಹೊಲಿಗೆ ಮಷೀನಿನ ಹತ್ತಿರ ಹೋದಳು. ಅಳತೆ ಹೇಳಲು ಬೇಕಾದದ್ದಕ್ಕಿಂತ ಹೆಚ್ಚು ಹೊತ್ತು ನಿಂತಳು. ಮಷೀನಿನ ಸಪ್ಪಳ ನಿಲ್ಲಲೇ ಇಲ್ಲ. ಚಾಚಾ ಬಟ್ಟೆಯಿಲ್ಲದೆ ಬರೀ ಸೂಜಿ ಓಡಿಸುತ್ತಿದ್ದರು. ಶನಿವಾರ ಮುಂಜಾನೆ ಚಾಚಾ ದಾರ ತರಲೆಂದು ಹೊರಟವರು ಮಧ್ಯಾಹ್ನ ಮರಳಿದರು. ಕೈಯಲ್ಲಿ ದಾರ ಇರಲಿಲ್ಲ.

ರವಿವಾರ ಟೆಂಪೋದಲ್ಲಿ ಹಾಡಿಲ್ಲ, ನಗುವಿಲ್ಲ. ಟೀಚರ್ ಮೈಗೆ ಹುಷಾರಿಲ್ಲವೆಂದು ತಮ್ಮ ತೊಂಬತ್ತು ರೂಪಾಯಿ ಕೊಟ್ಟು ಮನೆಯಲ್ಲೇ ಉಳಿದರು. ಮೋಟಾರ್ ಸೈಕಲ್ಲುಗಳೆರಡು ಒಮ್ಮೆ ಟೆಂಪೋದ ಹಿಂದೆ, ಒಮ್ಮೆ ಮುಂದೆ ಬರುತ್ತಿದ್ದವು. ಹೊಲದಲ್ಲಿ ಗುಂಡಿ ತೋಡಿ, ಕುಳ್ಳು ಸುರಿದು, ಕೆಂಡ ಮಾಡಿ ತೆನೆ ಹುಗಿದರು. ಆಯಿ ಬೇವಿನ ಮರದ ಕೆಳಗೆ ಗೋಣಿತಟ್ಟಿನ ಮೇಲೆ ಕೂತಳು. ಮಕ್ಕಳು ಮಾತ್ರ ಓಡಾಡಿದವು. ಸುಟ್ಟ ಜೋಳದ ಘಮ ಹೊಲವೆಲ್ಲ ತುಂಬಿತ್ತು. ನಾನು ದುಡ್ಡಿನ ಚೀಲ ಕೊರಳಿಗೆ ಹಾಕಿಕೊಂಡು ಅವ್ವನ ಬೆನ್ನಿಗೆ ಅಂಟಿಕೊಂಡು ನಿಂತಿದ್ದೆ.

ಬಿಸಿಲು ನೆತ್ತಿಗೆ ಬಂದಾಗ ಕಾಕಾ ನನ್ನೆದುರು ಬಂದು ಕೈ ಚಾಚಿದ.

“ಬಾಳಿಹಣ್ಣಿನ ರೊಕ್ಕ ಕೊಡು ಗಿರಿಜಾ.”

ನಾನು ಅವ್ವನ ಮುಖ ನೋಡಿದೆ. ಅವ್ವ ಚಟ್ನಿಯ ಡಬ್ಬಿಯ ಮುಚ್ಚಳ ತಿರುಗಿಸುತ್ತಲೇ ಇದ್ದಳು. ನಲವತ್ತು ರೂಪಾಯಿ ಎಣಿಸಿ ಕೊಟ್ಟೆ. ಕಾಕಾ ಅದನ್ನು ಮತ್ತೆ ಎಣಿಸಿ ಕಿಸೆಗೆ ಹಾಕಿಕೊಂಡ. ಹಣ್ಣು ತರಲು ಮೂವರು ಹೊರಟರು. ಎರಡು ಬಡಿಗೆಗಳೂ ಅವರ ಜೊತೆ ಹೋದವು.

ಗಾಡಿಗಳ ಸಪ್ಪಳ ದೂರವಾಗುವವರೆಗೂ ಅವ್ವ ತಡೆದಳು. ಆಮೇಲೆ ಅಪ್ಪನ ಹತ್ತಿರ ಹೋಗಿ ಕಿವಿಯಲ್ಲಿ ನಾಲ್ಕೇ ಮಾತು ಹೇಳಿದಳು. ಅಪ್ಪ ಕೈಯಲ್ಲಿದ್ದ ತೆನೆ ಬಿಟ್ಟು ಎದ್ದ. ಅವ್ವ ಅಂಗಿ ಹಿಡಿದು, “ಅವರಿಲ್ರೀ, ನಿನ್ನೆನೇ ಹೋಗ್ಯಾರ, ನೀವು ಹೋಗಬ್ಯಾಡ್ರಿ,” ಅಂದಳು. ಆಗ ರಹೀಂ ಚಾಚಾ ತಲೆ ತಗ್ಗಿಸಿ ಹೇಳಿದರು:

“ತಂಗೀನೂ ಕೂಸಿನೂ ಬಸ್ ಹತ್ತಿಸಿ ಬಂದೀನಿ ಅಣ್ಣಾರೆ. ಆದ್ರ ಮಿಲಿಂದ ಹೋಗ್ಲಿಲ್ಲ. ರೈತರ ಮೋಟಾರ್ ಅಂಗಡಿದಾಗ ಉಳದಾವ, ಅವರವರಿಗಿ ಕೊಟ್ಟು ಇವತ್ತು ಸಂಜಿಗಿ ಹೋಗ್ತೀನಿ ಅಂದ. ಎಷ್ಟು ಹೇಳಿದ್ರೂ ಕೇಳಲಿಲ್ಲ.”

ಅವ್ವನಿಗೂ ಇದು ಗೊತ್ತಿರಲಿಲ್ಲ; ಶನಿವಾರ ಚಾಚಾ ದೂರದಿಂದ ತಲೆಯಾಡಿಸಿದ್ದನ್ನಷ್ಟೇ ಆಕೆ ಕಂಡಿದ್ದಳು. ಅಪ್ಪ ಚಪ್ಪಲಿ ಕೂಡ ಹಾಕಿಕೊಳ್ಳದೆ ಹೊಲದ ಬದುವಿನ ಮೇಲೆ ಹಾದು ಹೆದ್ದಾರಿಯ ಕಡೆಗೆ ಓಡಿದ. ದೂರದಲ್ಲಿ ಒಂದು ಲಾರಿ ನಿಂತದ್ದೂ, ಅವನು ಹತ್ತಿದ್ದೂ ಕಂಡಿತು.

ನಂತರದ ಎರಡು ಮೂರು ತಾಸು ನಾವು ಕೆಂಡದ ಸುತ್ತ ಕೂತೆವು. ಚಾಚಾ ತೆನೆ ತಿಕ್ಕುತ್ತಲೇ ಇದ್ದರು; ತಿನ್ನುವವರಿಲ್ಲದೆ ಕಾಳಿನ ಗುಡ್ಡೆ ಬೆಳೆಯಿತು. ಕಾಕು ಏನೂ ತಿಳಿಯದೆ, “ಎಲ್ಲಿ ಹೋದ್ರು ಎಲ್ಲಾರೂ?” ಎಂದು ಎರಡೆರಡು ಸಲ ಕೇಳಿದಳು. ಮರದ ಕೆಳಗಿನಿಂದ ಆಯಿ ಹೇಳಿದಳು:

“ಎಲ್ಲಿಗಿ ಹೋಗ್ಯಾರಂತ ನನಗ ಗೊತ್ತದ. ಕೂಡ್ರಿ, ತಿನ್ರಿ. ತೆನಿ ಆರ್ತಾವ.”

ಆಕೆ ಒಂದು ಹಿಡಿ ಕಾಳನ್ನು ಬಾಯಿಗೆ ಹಾಕಿಕೊಂಡು ನಿಧಾನವಾಗಿ ಅಗಿದಳು. ಹಲ್ಲಿಲ್ಲದ ಆ ಬಾಯಿ ಆಡುವುದನ್ನು ನೋಡುತ್ತ, ಬಡಿಗೆಗಳನ್ನು ಕಂಡ ದಿನ ಆಕೆ ಯಾಕೆ ಸುಮ್ಮನಿದ್ದಳೆಂದು ನನಗೆ ತಿಳಿಯಿತು. ಕಾಕಾ ತಾನಾಗಿ ಹೋಗಿರಲಿಲ್ಲ. ಕಳಿಸಿದ್ದು ಆಕೆ.

ಹೊತ್ತು ಇಳಿಯುವಾಗ ಒಂದು ಮೋಟಾರ್ ಸೈಕಲ್ ಬಂತು. ಕಾಕಾನ ಗೆಳೆಯನೊಬ್ಬನೇ ಇದ್ದ. ಕೆಳಗಿಳಿಯದೆ, ಟೆಂಪೋ ತೆಗೆದುಕೊಂಡು ಎಲ್ಲರೂ ಮನೆಗೆ ಹೋಗಿರೆಂದು ಹೇಳಿ ತಿರುಗಿದ. ಅವನ ಅಂಗಿಯ ತೋಳಿನ ಮೇಲೆ ರಕ್ತ ಹನಿದಿತ್ತು. ಯಾರದೆಂದು ಅವ್ವ ಕೂಗಿ ಕೇಳುವಷ್ಟರಲ್ಲಿ ಗಾಡಿ ಬದು ದಾಟಿತ್ತು.

ನಡೆದದ್ದು ಮರುದಿನ ಗೊತ್ತಾಯಿತು. ಕಾಕಾ, ಅವನ ಗೆಳೆಯರು ಹೋದಾಗ ಮಿಲಿಂದ ಮಾವ ಕೊನೆಯ ಮೋಟಾರನ್ನು ರೈತನೊಬ್ಬನ ಬಂಡಿಗೆ ಏರಿಸುತ್ತಿದ್ದನಂತೆ. ಅಂಗಡಿಯೊಳಗೆ ತಳ್ಳಿ ಶಟರ್ ಎಳೆದುಕೊಂಡರು. ಅತ್ತಿ ಎಲ್ಲಿದ್ದಾಳೆಂದು ಕೇಳಿದರು. ಅವನು ಹೇಳಲಿಲ್ಲ. ಬಲಗೈಯನ್ನು ಕಬ್ಬಿಣದ ಮೇಜಿನ ಮೇಲಿಟ್ಟು ಹೊಡೆದರು, ಆಗಲೂ ಹೇಳಲಿಲ್ಲ. ಅಪ್ಪ ಶಟರ್ ಎತ್ತಿ ಒಳಗೆ ಹೋಗಿ ಅವನ ಮೇಲೆ ಕವುಚಿ ಬಿದ್ದ. ಮುಂದಿನ ಏಟುಗಳು ಅಪ್ಪನಿಗೆ ಬಿದ್ದವು. ತನ್ನ ಅಣ್ಣನೆಂದು ಗೊತ್ತಾದ ಮೇಲೂ ಕಾಕಾ ಎರಡು ಏಟು ಹಾಕಿದ ಎಂದು ಅಪ್ಪ ಒಮ್ಮೆ, ಒಮ್ಮೆ ಮಾತ್ರ, ಅವ್ವನ ಮುಂದೆ ಹೇಳಿದ್ದ. ಜನ ಸೇರಿದಾಗ ಮೂವರೂ ಓಡಿದರು. ಮಿಲಿಂದ ಮಾವನನ್ನೂ ಅಪ್ಪನನ್ನೂ ಕಲಬುರಗಿಯ ಆಸ್ಪತ್ರೆಗೆ ತಂದರು. ಮಾವನ ಬಲಗೈ ಮಣಿಕಟ್ಟು ಪುಡಿಯಾಗಿತ್ತು, ಅಪ್ಪನ ಮುಂಗೈ ಮುರಿದಿತ್ತು. ಇಬ್ಬರ ಮಂಚಗಳೂ ಅಕ್ಕಪಕ್ಕ.

ಮಂಗಳವಾರ ಇಬ್ಬರು ಪೊಲೀಸರು ಮನೆಗೆ ಬಂದರು. ಕಾಕಾ ಮನೆಯಲ್ಲಿರಲಿಲ್ಲ. ಅವ್ವ ಆಸ್ಪತ್ರೆಗೆ ಬುತ್ತಿ ಒಯ್ದಿದ್ದಳು. ಆಯಿ ತನ್ನ ಜಾಗದಲ್ಲಿ ಕೂತು ಬತ್ತಿ ಹೊಸೆಯುತ್ತಲೇ ಹೇಳಿದಳು: “ನಮ್ಮ ನಾಗ್ಯಾ ಮುಂಜಾನಿಂದ ಸಂಜಿ ತನಕ ಹೊಲದಾಗ ನಮ್ಮ ಕೂಡೇ ಇದ್ದ. ಸೀತನಿ ತಿಂದು ಎಲ್ಲಾರೂ ಕೂಡೇ ಬಂದೀವಿ.”

ಕಾಕು ತಲೆಯಾಡಿಸಿದಳು. ರಹೀಂ ಚಾಚಾ ಮಷೀನು ಬಿಟ್ಟು ಎದ್ದು ಬಂದರು. “ಸುಳ್ಳು ಹೇಳಬ್ಯಾಡ್ರಿ ಅಮ್ಮಾ. ನಾ ನೋಡೀನ್ರಿ ಸಾಹೇಬ್ರ, ನಡುಮಧ್ಯಾಹ್ನ ಹೋದ, ಕೂಡ ಇಬ್ಬರಿದ್ರು,” ಅಂದರು.

“ಮೂರು ತಿಂಗಳ ಬಾಡಿಗಿ ಕೊಟ್ಟಿಲ್ಲ ಇವ. ಖಾಲಿ ಮಾಡು ಅಂದೀನಿ. ಅದರ ಸಿಟ್ಟಿಗಿ ಹೇಳ್ತಾನ,” ಅಂದಳು ಆಯಿ. ಅದು ಸುಳ್ಳು. ಚಾಚಾ ಬಾಡಿಗೆಯನ್ನು ಒಂದು ದಿನವೂ ತಪ್ಪಿಸಿದವರಲ್ಲ.

ಪೊಲೀಸರಲ್ಲಿ ಹಿರಿಯನಾದವನು ನನ್ನ ಕಡೆ ತಿರುಗಿ, ಕೆಳಗೆ ಕೂತು, ನನ್ನ ಎತ್ತರಕ್ಕೆ ಬಂದು ಮೆತ್ತಗೆ ಕೇಳಿದ. “ನೀನೂ ಹೋಗಿದ್ಯಂತಲ್ಲ ತಾಯಿ. ಹೇಳು, ನಿಮ್ಮ ಕಾಕಾ ಹೊಲದಾಗೇ ಇದ್ದನಾ, ನಡುವ ಎಲ್ಲೆರೆ ಹೋದನಾ?”

ನನಗೆ ಎಲ್ಲ ಗೊತ್ತಿತ್ತು. ಎಷ್ಟು ಹೊತ್ತಿಗೆ ಹೋದ, ಎಷ್ಟು ರೂಪಾಯಿ ಒಯ್ದ, ಬಡಿಗೆಗಳಿಗೆ ಎಷ್ಟು ಕೊಟ್ಟಿದ್ದ, ಎಲ್ಲವೂ ನನ್ನ ಕೈಬರಹದಲ್ಲಿತ್ತು. ಚಾಚಾ ನನ್ನನ್ನೇ ನೋಡುತ್ತಿದ್ದರು. ಅವರ ಹಿಂದೆ ಶಬಾನಾ. ಆಯಿ ನನ್ನ ಕಡೆ ನೋಡಲಿಲ್ಲ. ಬತ್ತಿಯನ್ನು ತೊಡೆಯ ಮೇಲೆ ಉರುಳಿಸುತ್ತಿದ್ದಳು. ಬುಧವಾರ ಸಂಜೆ ಬಾಯಿ ತೆರೆದದ್ದರಿಂದ ಏನಾಯಿತೆಂದು ನೋಡಿದ್ದೆ. ಮತ್ತೆ ಬಾಯಿ ತೆರೆದರೆ ಇನ್ನೂ ಏನಾಗುವುದೋ ಎಂದು ಭಯವಾಯಿತು. ಹನ್ನೆರಡು ವರ್ಷದ ಹುಡುಗಿಗೆ ಅದು ಭಯವಷ್ಟೇ ಎಂದು ಆಮೇಲೆ ಹಲವರು ಸಮಾಧಾನ ಹೇಳಿದ್ದಾರೆ. ಇದ್ದೀತು. ಆದರೆ ಆ ಗಳಿಗೆಯಲ್ಲಿ ಯಾವುದು ಸರಿ ಎಂಬುದು ನನಗೆ ಸ್ಪಷ್ಟವಾಗಿ ಗೊತ್ತಿತ್ತು.

“ಗೊತ್ತಿಲ್ರಿ,” ಅಂದೆ.

ಚಾಚಾ ಮಷೀನಿಗೆ ಮರಳಿದರು. ಐದಾರು ದಿನದೊಳಗೆ ಅವರು ಮನೆ ಖಾಲಿ ಮಾಡಿದರು. ಸಾಮಾನು ಬಂಡಿಗೆ ಏರಿಸುವಾಗ ಶಬಾನಾ ನನ್ನ ಕಡೆ ತಿರುಗಲಿಲ್ಲ. ಕೇಸು ನಡೆಯಿತು. ಅಪ್ಪ ಹೇಳಿಕೆ ಕೊಟ್ಟಿದ್ದ. ಅಣ್ಣತಮ್ಮಂದಿರ ಆಸ್ತಿಯ ಜಗಳಕ್ಕೆ ಇದನ್ನು ಹುಟ್ಟಿಸಿದ್ದಾರೆ ಎಂದು ಕಾಕಾನ ಕಡೆಯವರು ವಾದಿಸಿದರು. ಕೈ ಕೂಡಿದ ಮೇಲೆ ಮಿಲಿಂದ ಮಾವ ಹೆಂಡತಿ ಮಗುವಿದ್ದ ಊರಿಗೆ ಹೊರಟುಹೋದ. ಸಾಕ್ಷಿಗೆ ಬರಲು ಈ ಕಡೆ ಕಾಲಿಡಲಿಲ್ಲ. ವರ್ಷಗಟ್ಟಲೆ ಎಳೆದು ಕೇಸು ಬಿದ್ದುಹೋಯಿತು. ಮಣಿಕಟ್ಟು ಸೊಟ್ಟಗಾಗಿ ಕೂಡಿದ್ದರಿಂದ ಅವನು ಮತ್ತೆ ವೈಂಡಿಂಗ್ ಮಾಡಲಿಲ್ಲವೆಂದು ಕೇಳಿದೆ. ಅತ್ತಿಯನ್ನು ನಾನು ಕಂಡದ್ದು ಒಂದೇ ಸಲ, ಅಪ್ಪ ತೀರಿಕೊಂಡ ದಿನ. ಎತ್ತರದ ಹೆಂಗಸು, ನನ್ನದೇ ಹಣೆ. ಅವ್ವನ ಪಕ್ಕ ಎರಡು ತಾಸು ಕೂತಿದ್ದಳು. ಹೋಗುವಾಗ ನನ್ನ ಗಲ್ಲ ಹಿಡಿದು, “ಗಿರಿಜಾ ಅಂದ್ರ ನೀನ?” ಅಂದಳು. ಹೌದು ಅಂದೆ. ಅದಕ್ಕಿಂತ ಹೆಚ್ಚು ನನ್ನಿಂದ ಆಗಲಿಲ್ಲ.

ಅದೆಲ್ಲ ಆಮೇಲಿನ ಮಾತು. ಸೀತನಿಯಾದ ಒಂಬತ್ತನೆಯ ದಿನ ಅಪ್ಪ ಆಸ್ಪತ್ರೆಯಿಂದ ನೇರ ಶಹಾಬಜಾರದ ಮನೆಗೆ ಬಂದ. ಒಳಗೆ ಬರಲಿಲ್ಲ. ಅಂಗಳದಲ್ಲಿ ನಿಂತು ಅವ್ವನಿಗೆ, “ಹಾಸಿಗಿ ಕಟ್ಟು,” ಅಂದ. ಆಯಿ ತಲೆ ಎತ್ತಲಿಲ್ಲ, ಅವನೂ ಆಕೆಯನ್ನು ಕರೆಯಲಿಲ್ಲ. ಸಂಜೆಯ ಹೊತ್ತಿಗೆ ನಾವು ಮೂವರೂ ಊರಿನ ಇನ್ನೊಂದು ತುದಿಯ ಬಾಡಿಗೆ ಕೋಲಿಯಲ್ಲಿದ್ದೆವು. ಕಿಟಕಿಯಿಲ್ಲದ ಒಂದೇ ಕೋಲಿ, ಸುಣ್ಣದ ಹಸಿ ವಾಸನೆ. ಅವ್ವ ಸ್ಟೋವ್ ಹಚ್ಚಿ ಅನ್ನ, ಬ್ಯಾಳಿ ಮಾಡಿದಳು. ಅಪ್ಪನ ಬಲಗೈ ಪ್ಲಾಸ್ಟರಿನಲ್ಲಿತ್ತು; ಎಡಗೈಯಲ್ಲಿ ಚಮಚ ಹಿಡಿದು ತಿನ್ನುತ್ತಿದ್ದ. ಅನ್ನ ಚೆಲ್ಲುತ್ತಿತ್ತು. ನಾನು ಎದುರು ಕೂತು ಚೆಲ್ಲಿದ್ದನ್ನು ಆರಿಸುತ್ತಿದ್ದೆ.

“ಪೊಲೀಸರು ನಿನಗೂ ಕೇಳಿದ್ರಂತ,” ಅಂದ ಅಪ್ಪ. “ನೀ ಏನಂದಿ?”

“ಗೊತ್ತಿಲ್ಲ ಅಂದೆ.”

ಅಪ್ಪ ನನ್ನ ಮುಖ ನೋಡಿದ. ಬೈಯಲಿಲ್ಲ. ಬೈಯುತ್ತಾನೆಂದು ಕಾದೆ. ಅವನು ಚಮಚವನ್ನು ತಾಟಿನ ಅಂಚಿಗೆ ಇಟ್ಟು, ಅರ್ಧ ಉಳಿದ ಅನ್ನದ ಮೇಲೆ ಲೋಟದ ನೀರು ಸುರಿದು, ಎದ್ದು ಬಾಗಿಲ ಹೊರಗೆ ಹೋಗಿ ನಿಂತ.